‘ವರ್ಕೆಡ್’ ತಪ್ಪು, ‘ವಾಂಟೆಡ್’ ಸರಿ: ಇದಕ್ಕೇನು ಲೆಕ್ಕ?

ಪ್ರಶ್ನೆ: ನಾನು ಉಡುಪಿಯವಳು. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ. ನರ್ಸಿಂಗ್ ಮುಗಿಸಿದ್ದೇನೆ. ಇನ್ನು ಮೂರು ವಾರಕ್ಕೆ ಮಂಗಳೂರಿನಲ್ಲಿ ಸಂದರ್ಶನ. ನಾನು ‘ಐ ವರ್ಕೆಡ್’, ‘ಐ ಹೆಲ್ಪೆಡ್’ ಅಂದರೆ ಗೆಳತಿಯರು ತಿದ್ದುತ್ತಾರೆ. ‘ವಾಂಟೆಡ್’ ಅಂದರೆ ಸುಮ್ಮನಿರುತ್ತಾರೆ. ಯಾಕೆ ಹೀಗೆ? ಪದದ ಕೊನೆಗೆ ‘ಉ’ ಸೇರಿಸುವ ಅಭ್ಯಾಸವೂ ಹೋಗುತ್ತಿಲ್ಲ.

ಉತ್ತರ: ಇಂಥ ಲೆಕ್ಕವನ್ನು ನೀವು ಕನ್ನಡ ವ್ಯಾಕರಣದಲ್ಲೇ ಕಲಿತಿದ್ದೀರಿ. ಮಳೆ, ಕಾಲ ಸೇರಿದರೆ ಮಳೆಗಾಲ. ‘ಕ’ ಹೋಗಿ ‘ಗ’ ಬಂತು, ಅಲ್ವಾ? ಅಕ್ಕಪಕ್ಕದ ಧ್ವನಿ ನೋಡಿ ವ್ಯಂಜನ ಬದಲಾಯಿತು. ಇಂಗ್ಲಿಷಿನ ಭೂತಕಾಲದ ‘ಇ-ಡಿ’ ಕೂಡ ಹಿಂದಿನ ಧ್ವನಿ ನೋಡಿಯೇ ಬದಲಾಗುತ್ತದೆ. ಬರೆಯುವುದು ಮಾತ್ರ ಒಂದೇ ಥರ. ಅಕ್ಷರ ನೋಡಿ ಓದುವ ನಮಗೆ ಅಲ್ಲೇ ಎಡವಟ್ಟಾಗುವುದು.

ಗಂಟಲಿನ ಮೇಲೆ ಎರಡು ಬೆರಳಿಟ್ಟು ‘ಸ್ಸ್ಸ್’ ಅನ್ನಿ. ಬೆರಳಿಗೆ ಏನೂ ಗೊತ್ತಾಗುವುದಿಲ್ಲ. ಈಗ ‘ಮ್ಮ್ಮ್’ ಅನ್ನಿ. ಗಂಟಲು ನಡುಗುತ್ತದೆ. ಕ್, ಪ್, ಫ್, ಸ್, ಶ್, ಚ್ ಇವು ನಡುಗದ ಗುಂಪು. ಕ್ರಿಯಾಪದ ಇವುಗಳಲ್ಲಿ ಮುಗಿದರೆ ಕೊನೆಗೆ ‘ಟ್’: ವರ್ಕ್‌ಟ್, ಹೆಲ್ಪ್‌ಟ್, ವಾಶ್‌ಟ್. ನಡುಗುವ ಧ್ವನಿಯಲ್ಲಿ ಮುಗಿದರೆ ‘ಡ್’: ಕ್ಲೀನ್ಡ್, ಕಾಲ್ಡ್, ಸ್ಟೇಯ್ಡ್. ಕೊನೆಗೆ ಮೊದಲೇ ‘ಟ್’ ಅಥವಾ ‘ಡ್’ ಇದ್ದರೆ ಅದರ ಮೇಲೆ ಇನ್ನೊಂದು ಹೇಳಲು ನಾಲಿಗೆಗೆ ಜಾಗ ಸಾಲದು. ಆಗ ಮಾತ್ರ ನಡುವೆ ಸ್ವರ ಬಂದು ‘ಇಡ್’ ಆಗುತ್ತದೆ: ವಾಂಟಿಡ್, ನೀಡಿಡ್, ಅಸಿಸ್ಟಿಡ್. ನಿಮ್ಮ ‘ವಾಂಟೆಡ್’ ಪಾಸಾದದ್ದು ಇದಕ್ಕೇ.

ಸ್ಪೆಲಿಂಗ್ ನಂಬಬೇಡಿ, ಕಿವಿ ನಂಬಿ. ನಗುವುದಕ್ಕೆ ಹೇಳುವ ‘ಲಾಫ್’ ಬರವಣಿಗೆಯಲ್ಲಿ ಜಿ-ಎಚ್‌ನಿಂದ ಮುಗಿಯುತ್ತದೆ. ಆದರೆ ಕೇಳುವುದು ‘ಫ್’. ಹಾಗಾಗಿ ‘ಲಾಫ್ಟ್’.

‘ಹೆಲ್ಪ್‌ಟ್’ ಅನ್ನಲು ಬಾಯಿ ತಿರುಗುವುದಿಲ್ಲ ಅಂತ ನನ್ನ ತರಗತಿಯಲ್ಲೂ ದಿನಾ ಕೇಳುತ್ತೇನೆ. ಮುಂದಿನ ಪದ ಸ್ವರದಿಂದ ಶುರುವಾದರೆ ‘ಟ್’ ಅನ್ನು ಅದಕ್ಕೆ ದಾಟಿಸಿಬಿಡಿ. ‘ಐ ವರ್ಕ್-ಟಿನ್ ಉಡುಪಿ.’ ‘ಐ ಹೆಲ್ಪ್-ಟ ಪೇಷಂಟ್.’ ಎಷ್ಟು ಹಗುರಾಯಿತು ನೋಡಿ! ಆದರೆ ಕಷ್ಟ ಅಂತ ಕೊನೆಯನ್ನು ನುಂಗಲೇಬೇಡಿ. ‘ಐ ವರ್ಕ್ ಇನ್ ಉಡುಪಿ’ ಅಂದರೆ ಈಗಲೂ ಅಲ್ಲೇ ಕೆಲಸದಲ್ಲಿದ್ದೀರಿ ಅಂತ ಅರ್ಥ. ನನ್ನ ಪ್ರಕಾರ ನುಂಗುವ ತಪ್ಪು ‘ವರ್ಕೆಡ್’ಗಿಂತ ದೊಡ್ಡದು.

ಬಹುವಚನಕ್ಕೂ ಬೆರಳಿನ ಪರೀಕ್ಷೆ ನಡೆಯುತ್ತದೆ. ಪೇಷಂಟ್ಸ್ ಅನ್ನುವಾಗ ‘ಸ್’. ಬೆಡ್ ಆದಮೇಲೆ ಬರುವುದು ಅದೇ ‘ಸ್’, ಆದರೆ ಗಂಟಲು ನಡುಗಿಸಿ, ದುಂಬಿ ಗುಂಯ್‌ಗುಟ್ಟಿದ ಹಾಗೆ: ಬೆಡ್‌ಜ಼್. ನರ್ಸ್ ‘ಸ್’ನಲ್ಲೇ ಮುಗಿಯುವುದರಿಂದ ನರ್ಸಿಜ಼್.

ಇನ್ನು ‘ಉ’. ಕನ್ನಡದ ಮಾತು ಹೆಚ್ಚಾಗಿ ಸ್ವರದಲ್ಲೇ ಮುಗಿಯುತ್ತದೆ, ಅದಕ್ಕೇ ಬಸ್ಸು, ಕಾರು, ಬ್ಯಾಂಕು. ಕನ್ನಡ ಮಾತಾಡುವಾಗ ಹಾಗೇ ಹೇಳಿ, ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಇಂಗ್ಲಿಷಿಗೆ ಮಾತ್ರ ವ್ಯಂಜನದಲ್ಲಿ ನಿಲ್ಲಬೇಕು. ಕೊಂಕಣಿಯವರಿಗೆ ‘ಘರ್’ ಅಂದು ಅಭ್ಯಾಸ ಇರುವುದರಿಂದ ಇದು ಸ್ವಲ್ಪ ಸುಲಭ. ನಿಮಗೂ ಬರುತ್ತದೆ. ಮಂಗಳೂರಿನ ಸಿಟಿ ಬಸ್ಸಿನ ಕಂಡಕ್ಟರ್ ‘ಸ್ಟೇಟ್‌ಬ್ಯಾಂಕ್, ಸ್ಟೇಟ್‌ಬ್ಯಾಂಕ್’ ಅಂತ ಕೂಗುವುದನ್ನು ನೆನಪಿಸಿಕೊಳ್ಳಿ. ‘ಕ್’ ಅಂದು ನಿಲ್ಲಿಸುತ್ತಾರೆ. ನೀವೂ ಹಾಗೆ ನಾಲ್ಕು ಸಲ ಕೂಗಿ, ಅದೇ ಉಸಿರಿನಲ್ಲಿ ‘ವರ್ಕ್’ ಅನ್ನಿ. ಆಮೇಲೆ ‘ಟ್’ ಸೇರಿಸಿ.

ಮೂರು ವಾರ ಸಾಕು. ಮೊದಲ ವಾರ ‘ಇ-ಡಿ’ ಮಾತ್ರ. ಸಂದರ್ಶನದಲ್ಲಿ ನೀವು ಹೇಗೂ ಹೇಳುವ ಹತ್ತು ಕ್ರಿಯಾಪದ ಬರೆದುಕೊಳ್ಳಿ: ವರ್ಕ್‌ಟ್, ಚೆಕ್‌ಟ್, ಕ್ಲೀನ್ಡ್, ಅಸಿಸ್ಟಿಡ್, ಹೀಗೆ. ಒಂದೊಂದನ್ನೂ ಪೂರ್ತಿ ವಾಕ್ಯದಲ್ಲಿ ಹೇಳಿ ಮೊಬೈಲಿನಲ್ಲಿ ರೆಕಾರ್ಡ್ ಮಾಡಿ. ರಾತ್ರಿ ಕೇಳುವಾಗ ಪದದ ಕೊನೆಗೆ ಮಾತ್ರ ಕಿವಿ ಕೊಡಿ.