ಪ್ರೊಟೆಕ್ಟಿಂಗ್ ಗ್ರೂಪ್ ಹಾಕಿ ಮತ್ತೆ ತೆಗೆಯುವುದು ದಂಡ ಅಲ್ವಾ?

ಪ್ರೊಟೆಕ್ಟಿಂಗ್ ಗ್ರೂಪ್ ಅಂದರೆ ಅಣುವಿನ ಒಂದು ಭಾಗ ಕ್ರಿಯೆಗೆ ಸಿಗದಂತೆ ತಾತ್ಕಾಲಿಕವಾಗಿ ಹಾಕುವ ಮುಸುಕು. ಅದನ್ನು ಕೊನೆಗೆ ತೆಗೆಯುವುದೇ ಆದರೆ ಹಾಕುವುದು ಯಾಕೆ, ಸುಮ್ನೆ ಎರಡು ಸ್ಟೆಪ್ ದಂಡ ಅಲ್ವಾ ಅಂತ ಕೇಳಿದ್ದೀರಿ. ದಂಡವೇ, ಒಪ್ಪುತ್ತೇನೆ. ಒಂದೊಂದು ಸ್ಟೆಪ್‌ನಲ್ಲಿ 90% ಇಳುವರಿ ಬಂದರೂ ಎರಡು ಮುಗಿಯುವಷ್ಟರಲ್ಲಿ ಕೈಯಲ್ಲಿ ಉಳಿಯುವುದು 81%. ಬೇರೆ ದಾರಿ ಇಲ್ಲದಾಗ ಮಾತ್ರ ಆ ದಂಡ ಕಟ್ಟಬೇಕು.

ಒಂದೇ ಅಣುವಿನಲ್ಲಿ ಕೀಟೋನ್, ಎಸ್ಟರ್ ಎಂಬ ಎರಡು ಕ್ರಿಯಾಶೀಲ ಗುಂಪುಗಳೂ ಇವೆ ಅಂದುಕೊಳ್ಳಿ. ಕೀಟೋನನ್ನಷ್ಟೇ ಆಲ್ಕೋಹಾಲ್ ಮಾಡಬೇಕಾದರೆ ಸೋಡಿಯಂ ಬೋರೋಹೈಡ್ರೈಡ್ ಎಂಬ ಅಪಕರ್ಷಣಕಾರಿ ಸಾಕು. ಅದು ಸಾಮಾನ್ಯವಾಗಿ ಎಸ್ಟರ್ ತಂಟೆಗೆ ಹೋಗುವುದಿಲ್ಲ. ಉಲ್ಟಾ, ಅಂದರೆ ಎಸ್ಟರ್ ಮಾತ್ರ ಬದಲಾಗಬೇಕಾದರೆ? ಅದಕ್ಕಿಂತ ಬಲವಾದ ಲಿಥಿಯಂ ಅಲ್ಯುಮಿನಿಯಂ ಹೈಡ್ರೈಡ್ ಹಾಕಿದರೆ ಅದು ಮೊದಲು ಕೀಟೋನನ್ನೇ ಹಿಡಿಯುತ್ತದೆ. ಅದಕ್ಕೇ ಮುಂಚೆ ಎಥಿಲೀನ್ ಗ್ಲೈಕಾಲ್, ಚೂರು ಆಮ್ಲ ಸೇರಿಸಿ, ನೀರು ಹೊರಗೆ ತೆಗೆಯುತ್ತಾ ಕುದಿಸಿ ಕೀಟೋನನ್ನು ಹೈಡ್ರೈಡ್ ಮುಟ್ಟದ ಕೀಟಾಲ್ ಮಾಡಿಬಿಡುತ್ತಾರೆ. ಎಸ್ಟರ್ ಕೆಲಸ ಮುಗಿದ ಮೇಲೆ ನೀರು ಬೆರೆತ ಆಮ್ಲ ಕೊಟ್ಟರೆ ಕೀಟೋನ್ ವಾಪಸ್.

ಎಡವುವುದು ಹಾಕುವಾಗ ಅಲ್ಲ, ತೆಗೆಯುವಾಗ. ನಾನೂ ಎಡವಿದ್ದೇನೆ. ಒಂದು ತುದಿಯ ಪ್ರೈಮರಿ ಆಲ್ಕೋಹಾಲ್‌ಗೆ ಟಿಬಿಎಸ್ ಎಂಬ ಸಿಲಿಲ್ (ಸಿಲಿಕಾನ್ ಇರುವ) ಗ್ರೂಪ್ ಹಾಕಿದ್ದೆ. ಪಕ್ಕಪಕ್ಕದ ಎರಡು ಓಎಚ್‌ಗಳನ್ನು (ಆಲ್ಕೋಹಾಲ್ ಗುಂಪುಗಳನ್ನು) ಸೇರಿಸಿ ಅಸಿಟೊನೈಡ್ ಎಂಬ ಇನ್ನೊಂದು ಮುಸುಕು ಮಾಡಿದ್ದೆ. ಅಸಿಟೊನೈಡ್ ಬಿಚ್ಚಲು ಆಮ್ಲ ಹಾಕಿ ರಾತ್ರಿಯಿಡೀ ಬಿಟ್ಟೆ. ಬೆಳಿಗ್ಗೆ ಟಿಎಲ್‌ಸಿ ಪ್ಲೇಟ್ (ಮಿಶ್ರಣದಲ್ಲಿ ಏನೇನಿದೆ ಅಂತ ಬೇರ್ಪಡಿಸಿ ತೋರಿಸುವ ತಟ್ಟೆ) ನೋಡಿದರೆ ನಡುವೆ ಇರಬೇಕಾದ ಸ್ಪಾಟೇ ಇಲ್ಲ. ಎಲ್ಲ ಕೆಳಗೆ ಬೇಸ್‌ಲೈನ್ ಹತ್ತಿರ ಅಂಟಿಕೊಂಡು ಕೂತಿದೆ. ಟಿಬಿಎಸ್ಸೂ ಉದುರಿ, ಮೂರೂ ಓಎಚ್ ಬಯಲಾದ ಟ್ರಯಾಲ್ ಆಗಿತ್ತು! ಪ್ರೈಮರಿ ಓಎಚ್ ಮೇಲಿನ ಟಿಬಿಎಸ್‌ಗೆ ಆಮ್ಲ ಕಂಡರೆ ಆಗುವುದಿಲ್ಲ, ಓದಿದ್ದೆ, ಮರೆತಿದ್ದೆ. ಮುಂದಿನ ಸಲ ಟಿಬಿಡಿಪಿಎಸ್ ಎಂಬ ಇನ್ನೊಂದು ಸಿಲಿಲ್ ಗ್ರೂಪ್ ಹಾಕಿದೆ. ಆಮ್ಲಕ್ಕೆ ಅದು ಟಿಬಿಎಸ್‌ಗಿಂತ ಸುಮಾರು 100 ಪಟ್ಟು ಗಟ್ಟಿ. ಅಸಿಟೊನೈಡ್ ಹೋಯಿತು, ಅದು ನಿಂತಿತು. ಕೊನೆಗೆ ಫ್ಲೋರೈಡ್‌ನಿಂದ ತೆಗೆದೆ. ಸಿಲಿಕಾನ್‌ಗೆ ಫ್ಲೋರಿನ್ ಅಂದರೆ ಪ್ರಾಣ, ಆಮ್ಲ ಬೇಕಾಗಿಲ್ಲ. (ಆ ಫ್ಲೋರೈಡ್ ಕೊಡುವ ಟಿಬಿಎಎಫ್ ಎಂಬ ಲವಣದ ಉಳಿಕೆ ತೊಳೆಯುವ ಗೋಳು ಬೇರೆಯೇ ಕಥೆ.)

ಈ ವಿಷಯದಲ್ಲಿ ಪೆಪ್ಟೈಡ್ (ಅಮೈನೋ ಆಮ್ಲಗಳ ಸರಪಳಿ) ಮಾಡುವವರು ಜಾಣರು. ಸರಪಳಿಯ ತುದಿಯ ಅಮೈನ್‌ಗೆ ಎಫ್‌ಮಾಕ್, ಲೈಸಿನ್‌ನ ಪಕ್ಕದ ಅಮೈನ್‌ಗೆ ಬಾಕ್, ಎರಡು ಬೇರೆ ಬೇರೆ ಪ್ರೊಟೆಕ್ಟಿಂಗ್ ಗ್ರೂಪ್. ಪ್ರತಿ ಸುತ್ತಿನಲ್ಲೂ ಡಿಎಂಎಫ್‌ನಲ್ಲಿ (ಒಂದು ದ್ರಾವಕ) ಕಲಸಿದ 20% ಪೈಪೆರಿಡಿನ್ ಎಂಬ ಬೇಸ್ ಎಫ್‌ಮಾಕನ್ನು ತೆಗೆಯುತ್ತದೆ. ಬಾಕ್ ಅದಕ್ಕೆ ಕ್ಯಾರೇ ಅನ್ನುವುದಿಲ್ಲ. ಕೊನೆಯಲ್ಲಿ ಟಿಎಫ್‌ಎ ಎಂಬ ಆಮ್ಲ ಬಂದಾಗಲೇ ಅದು ಹೋಗುವುದು.

ನಿಮ್ಮ ರೂಟ್ ಬರೆಯುವಾಗ ಕೊನೆಯ ಸ್ಟೆಪ್‌ನಿಂದ ಹಿಂದಕ್ಕೆ ಬನ್ನಿ. ಎಲ್ಲೆಲ್ಲಿ ಆಮ್ಲ, ಎಲ್ಲೆಲ್ಲಿ ಬೇಸ್, ಎಲ್ಲೆಲ್ಲಿ ಹೈಡ್ರೋಜನ್ ಅಂತ ಗುರುತು ಹಾಕಿ. ಗ್ರೂಪ್ ಯಾವುದು ಅಂತ ಆಮೇಲೆ ನೋಡಿದರಾಯಿತು.