ಗೇಮ್ ಪ್ರಶ್ನೋತ್ತರ: ‘ಬ್ಲಡಿ ರೋರ್’ನಲ್ಲಿ ಮೃಗವಾಗುವುದು ಯಾವಾಗ?

ಪ್ರಶ್ನೆ: ಪ್ಲೇಸ್ಟೇಷನ್‌ನ ‘ಬ್ಲಡಿ ರೋರ್ 2’ ಎಂಬ ಹೊಡೆದಾಟದ ಆಟ ಆಡುತ್ತಿದ್ದೇನೆ. ಗೇಜ್ (ಮೃಗವಾಗುವ ಶಕ್ತಿಯನ್ನು ತೋರಿಸುವ ಪಟ್ಟಿ) ತುಂಬುತ್ತಿದ್ದಂತೆ ತೋಳವಾಗಿಬಿಡುತ್ತೇನೆ. ಆದರೂ ರೌಂಡ್ ಮುಗಿಯುವ ಹೊತ್ತಿಗೆ ಮತ್ತೆ ಮನುಷ್ಯನಾಗಿ ಸೋಲುತ್ತೇನೆ. ಎಲ್ಲಿ ಎಡವುತ್ತಿದ್ದೇನೆ?

ಉತ್ತರ: ಗೇಜ್ ತುಂಬಿತೆಂದು ಆತುರಪಡುವುದೇ ತೊಂದರೆ. ಮೃಗರೂಪದಲ್ಲಿ ಏಟಿನ ಬಲ ಹೆಚ್ಚು, ಬೀಸ್ಟ್ ಬಟನ್‌ಗೆ ಉಗುರು-ಹಲ್ಲಿನ ಹೊಸ ಹೊಡೆತಗಳು ಸೇರುತ್ತವೆ, ನಿಜ. ಆದರೆ ಆ ರೂಪದಲ್ಲಿ ತಿಂದ ಪ್ರತಿ ಏಟಿಗೂ ಗೇಜ್ ಕರಗುತ್ತದೆ. ಅದು ಬರಿದಾದ ಮೇಲೆ ಒಮ್ಮೆ ಕೆಡವಿಸಿಕೊಂಡರೆ ಮನುಷ್ಯರೂಪಕ್ಕೆ ವಾಪಸ್.

ರೂಪ ಬದಲಾಗುವಾಗ ಕಳೆದುಕೊಂಡ ಆರೋಗ್ಯದಲ್ಲಿ ಸ್ವಲ್ಪ ಮರಳುತ್ತದೆ. ಏಟೇ ತಿನ್ನದೆ ಬದಲಾದರೆ ಆ ಲಾಭ ಪೂರ್ತಿ ವ್ಯರ್ಥ. ಒಂದಿಷ್ಟು ಆರೋಗ್ಯ ಕಳೆದುಕೊಳ್ಳುವವರೆಗೆ ಗೇಜ್ ತುಂಬಿಟ್ಟುಕೊಂಡೇ ಆಡಿ. ಎದುರಾಳಿ ನೆಲಕ್ಕೆ ಬಿದ್ದಿರುವಾಗ ಬದಲಾದರೆ ಸುರಕ್ಷಿತ; ಅವನು ಏಳುವಷ್ಟರಲ್ಲಿ ನೀವು ಸಿದ್ಧ. ಮೈಮೇಲೆ ಬಿದ್ದು ಹೊಡೆಯುವವನೆದುರು ಇನ್ನೊಂದು ಉಪಯೋಗವಿದೆ: ಬದಲಾವಣೆಯ ರಭಸ ಪಕ್ಕದಲ್ಲಿರುವವನನ್ನು ದೂರ ತಳ್ಳುತ್ತದೆ. ದೂರದಲ್ಲಿ ನಿಂತು ಕಾಯುತ್ತಿರುವವನೆದುರು ಮಾತ್ರ ಬೇಡ.

‘ಬೀಸ್ಟ್ ಡ್ರೈವ್’ ಎಂಬ ಮಹಾ ಹೊಡೆತ ಮೃಗರೂಪದಲ್ಲೇ ಸಾಧ್ಯ. ಅದು ಮುಗಿದೊಡನೆ ಮೃಗರೂಪವೂ ಮುಗಿಯಿತು. ಹಾಗಾಗಿ ಗೇಜ್ ಇನ್ನೇನು ಖಾಲಿಯಾಗುತ್ತದೆ ಎನ್ನುವಾಗ ಬಳಸಿ. ಹೇಗೂ ಕಳೆದುಹೋಗುವ ರೂಪ ಅದು. ತುಂಬಿದ ಗೇಜ್‌ನಲ್ಲಿ ಮೊದಲ ಹೊಡೆತವಾಗಿಯೇ ಬಳಸುವವರನ್ನು ಸೋಲಿಸುವುದು ಸುಲಭ.

ಪ್ರಶ್ನೆ: ಅದೇ ಆಟದಲ್ಲಿ ಗಾರ್ಡ್ ಮಾಡಿದರೂ (ಏಟು ತಡೆಯಲು ಹೋದರೂ) ಏಟು ಒಳಗೆ ಬರುತ್ತದಲ್ಲ?

ಉತ್ತರ: ಗಾರ್ಡ್‌ನಲ್ಲಿ ಎರಡು ಬಗೆ. ಏನನ್ನೂ ಒತ್ತದೆ ನಿಂತರೆ ತಾನಾಗಿ ಆಗುವುದು ಹಗುರ ಗಾರ್ಡ್. ಬಟನ್ ಒತ್ತಿ ಹಿಡಿದರೆ ಗಟ್ಟಿ ಗಾರ್ಡ್. ಹಗುರದ್ದರಲ್ಲಿ ಬೇಗ ಚೇತರಿಸಿಕೊಂಡು ತಿರುಗಿ ಹೊಡೆಯಬಹುದು, ಆದರೆ ಭಾರಿ ಏಟುಗಳು ಅದನ್ನು ಮುರಿಯುತ್ತವೆ. ಎದುರಾಳಿ ಮೃಗವಾದ ಕೂಡಲೇ ಬೆರಳು ಗಾರ್ಡ್ ಬಟನ್ ಮೇಲಿರಲಿ.

ಪ್ರಶ್ನೆ: ಈ ಡಿಸ್ಕನ್ನು ಪಿಎಸ್2ನಲ್ಲಿ ಹಾಕಿದರೆ ಆಟ ನಡೆಯುತ್ತದೆ, ಸೇವ್ ಆಗುವುದಿಲ್ಲ. ಮೆಮೊರಿ ಕಾರ್ಡ್ ಕೆಟ್ಟಿದೆಯೇ?

ಉತ್ತರ: ಕಾರ್ಡ್ ಸರಿಯಾಗಿಯೇ ಇರಬೇಕು. ಮೊದಲ ಪ್ಲೇಸ್ಟೇಷನ್‌ನ ಆಟಗಳು 8 ಎಂಬಿಯ ಪಿಎಸ್2 ಕಾರ್ಡ್‌ಗೆ ನೇರವಾಗಿ ಬರೆಯುವುದಿಲ್ಲ. 15 ಬ್ಲಾಕ್‌ಗಳ ಹಳೆಯ ಕಾರ್ಡನ್ನೇ ಅದೇ ಸ್ಲಾಟ್‌ಗೆ ಹಾಕಿ. ಪಿಎಸ್3 ಇದ್ದರೆ ಇನ್ನೂ ಸುಲಭ: ಅದರ ಎಲ್ಲ ಮಾದರಿಗಳೂ ಈ ಡಿಸ್ಕ್ ಓದುತ್ತವೆ, ಕಾರ್ಡನ್ನು ಹಾರ್ಡ್‌ಡಿಸ್ಕ್‌ನೊಳಗೇ ಸೃಷ್ಟಿಸಿಕೊಳ್ಳಬಹುದು.

ಪ್ರಶ್ನೆ: ಹೊಸ ಎಲ್‌ಇಡಿ ಟಿವಿಯಲ್ಲಿ ಬಟನ್ ಒತ್ತಿದ ಮೇಲೆ ಪಾತ್ರ ತಡವಾಗಿ ಅಲುಗುತ್ತದೆ.

ಉತ್ತರ: ಕಂಟ್ರೋಲರನ್ನು ಬೈಯಬೇಡಿ. ಮೊದಲ ಪ್ಲೇಸ್ಟೇಷನ್ ಸಾಮಾನ್ಯವಾಗಿ ಕಳಿಸುವುದು 240 ಗೆರೆಗಳ ಚಿತ್ರ. ಅನೇಕ ಹೊಸ ಟಿವಿಗಳೂ ಅಗ್ಗದ ಎವಿ-ಎಚ್‌ಡಿಎಂಐ ಕನ್ವರ್ಟರ್‌ಗಳೂ ಇದನ್ನು 480 ಇಂಟರ್‌ಲೇಸ್ಡ್ (ಅರ್ಧರ್ಧ ಗೆರೆಗಳಾಗಿ ಬರುವ ಚಿತ್ರ) ಎಂದು ತಪ್ಪಾಗಿ ತಿಳಿದು ಫ್ರೇಮ್‌ಗಳನ್ನು ಜೋಡಿಸಲು ಹೋಗುತ್ತವೆ. ತಡ ಹುಟ್ಟುವುದು, ಚಿತ್ರ ಮಸುಕಾಗುವುದು ಅಲ್ಲೇ. ಸೆಕೆಂಡಿಗೆ 60 ಫ್ರೇಮ್ ಎಂದರೆ ಒಂದು ಫ್ರೇಮ್‌ಗೆ ಸುಮಾರು 16.7 ಮಿಲಿಸೆಕೆಂಡ್, 50 ಮಿಲಿಸೆಕೆಂಡ್ ತಡವಾದರೆ ಮೂರು ಫ್ರೇಮ್ ಹೋಯಿತು. ಇಂಥ ಆಟದಲ್ಲಿ ಅಷ್ಟು ಸಾಕು ಕಾಂಬೊ ಕೆಡಲು.

ಮೊದಲು ಟಿವಿಯ ಗೇಮ್ ಮೋಡ್ ಹಾಕಿ, ಚಲನೆಯನ್ನು ನಯಗೊಳಿಸುವ ಆಯ್ಕೆಯನ್ನು ಆಫ್ ಮಾಡಿ. ಸಾಲದಿದ್ದರೆ 240 ಗೆರೆಗಳನ್ನು ಸರಿಯಾಗಿ ಗುರುತಿಸುವ ಸ್ಕೇಲರ್ (ಚಿತ್ರವನ್ನು ಟಿವಿಗೆ ತಕ್ಕಂತೆ ಹಿಗ್ಗಿಸುವ ಸಾಧನ) ಬೇಕು. ಹಳೆಯ ಪಿಕ್ಚರ್ ಟ್ಯೂಬ್ ಟಿವಿ ಸಿಕ್ಕರೆ ಖರ್ಚೂ ಉಳಿಯಿತು. ನಿಮ್ಮ ಡಿಸ್ಕ್ ಪಾಲ್ (ಟಿವಿ ಸಂಕೇತದ ಒಂದು ಪದ್ಧತಿ) ಆವೃತ್ತಿಯದಾದರೆ ಅದು 50 ಹರ್ಟ್ಸ್‌ನದು. ಅದರ ನಿಧಾನಗತಿಗೆ ಟಿವಿ ಹೊಣೆಯಲ್ಲ.

ಪ್ರಶ್ನೆ: ಆನೆಯಾಗುವ ಪಾತ್ರ ಯಾವ ಭಾಗದಲ್ಲಿದೆ? ಹೊಸ ಭಾಗ ಬರುತ್ತದೆಯೇ?

ಉತ್ತರ: ಪಾತ್ರದ ಹೆಸರು ಗಣೇಶ. 2002ರ ಗೇಮ್‌ಕ್ಯೂಬ್‌ನ ‘ಪ್ರೈಮಲ್ ಫ್ಯೂರಿ’ಯಲ್ಲಿ, ಮರುವರ್ಷ ಎಕ್ಸ್‌ಬಾಕ್ಸ್‌ಗೆ ಬಂದ ‘ಎಕ್ಸ್‌ಟ್ರೀಮ್’ನಲ್ಲಿ ಸಿಗುತ್ತದೆ. ಗೇಮ್‌ಕ್ಯೂಬ್ ಇಲ್ಲದವರಿಗೆ ಮೊದಲ ಮಾದರಿಯ ನಿಂಟೆಂಡೊ ವೀ ಸಾಕು, ಆದರೆ ಗೇಮ್‌ಕ್ಯೂಬ್‌ನ ಕಂಟ್ರೋಲರ್ ಬೇಕೇ ಬೇಕು, ಸೇವ್ ಮಾಡಲು ಅದರ ಮೆಮೊರಿ ಕಾರ್ಡೂ ಬೇಕು. ಸರಣಿಯ ಕೊನೆಯ ಆಟ 2003ರ ‘ಬ್ಲಡಿ ರೋರ್ 4’. ಪ್ರಕಾಶಕ ಹಡ್ಸನ್ ಸಾಫ್ಟ್ 2012ರಲ್ಲಿ ಕೊನಾಮಿಯಲ್ಲಿ ಲೀನವಾಯಿತು; ಹೊಸ ಭಾಗದ ಮಾತು ಈಗ ಕೊನಾಮಿಗೆ ಬಿಟ್ಟದ್ದು.