ಶುಗರ್, ಹಾರ್ಟ್ ಎರಡೂ ಇರುವ ಅಪ್ಪ ಮಾತೇ ಬಿಟ್ಟಿದ್ದಾರೆ, ಮನಸ್ಸಿನ ಡಾಕ್ಟರ ಹತ್ತಿರ ಬರಲ್ಲ ಅಂತಾರೆ. ಏನು ಮಾಡಲಿ?

ಅಪ್ಪನಿಗೆ 74 ವರ್ಷ, ಸೈಕಿಯಾಟ್ರಿಸ್ಟ್ ಅಂದ ಕೂಡಲೇ "ನನಗೇನು ಹುಚ್ಚಾ?" ಅಂತ ಬೈದರು ಎಂದು ಬರೆದಿದ್ದೀರಿ. ನಾನು ಡಾಕ್ಟರಲ್ಲ. ಆದರೆ ಇಲ್ಲಿ ಉಡುಪಿಯಲ್ಲಿ ಅಮ್ಮನ ಜೊತೆ ಇದೇ ಪಾಡು ಪಟ್ಟಿದ್ದೇನೆ.

ಆ ಜಗಳ ಸದ್ಯಕ್ಕೆ ಬಿಡಿ. ಶುಗರಿಗೆ ತೋರಿಸುವ ಡಾಕ್ಟರ ಹತ್ತಿರ ಹೇಗೂ ಹೋಗುತ್ತಾರೆ ಅಲ್ವಾ, ಅಲ್ಲೇ ಶುರು ಮಾಡಿ. ನಮ್ಮ ಅಮ್ಮ ಯಾವತ್ತೂ ಬೇಜಾರು ಅನ್ನಲಿಲ್ಲ. ಕಾಲು ಉರಿ, ಗಂಜಿ ಸೇರುವುದಿಲ್ಲ, ರಾತ್ರಿ ಮೂರಕ್ಕೇ ಎಚ್ಚರ, ಇಷ್ಟೇ. ನಾವು ಎಲ್ಲವನ್ನೂ ಶುಗರಿನ ಲೆಕ್ಕಕ್ಕೆ ಹಾಕಿದೆವು. ಪೇಟೆಯ ಒಂದು ಕ್ಲಿನಿಕ್‌ನಲ್ಲಿ "ವಯಸ್ಸಾಯ್ತಲ್ಲ" ಎಂದು ನಿದ್ರೆ ಮಾತ್ರೆ ಕೊಟ್ಟರು, ಅದರ ಮಂಪರಿನಲ್ಲಿ ಬಚ್ಚಲಲ್ಲಿ ಬಿದ್ದರು. ಬೆಳಗಿನವರೆಗೆ ಯಕ್ಷಗಾನದ ಆಟ ನೋಡುತ್ತಿದ್ದ ಹೆಂಗಸು, ಮನೆ ಹಿಂದಿನ ಗದ್ದೆಯಲ್ಲೇ ಚೆಂಡೆ ಬಾರಿಸಿದರೂ ಏಳಲಿಲ್ಲ ನೋಡಿ, ಆಗ ನನಗೆ ಹೆದರಿಕೆಯಾಯಿತು.

ಶುಗರಿನ ಡಾಕ್ಟರಿಗೆ ಮೊದಲೇ ಫೋನ್ ಮಾಡಿ ಇದೆಲ್ಲ ಹೇಳಿದೆ. ಅವರು ಖಿನ್ನತೆ ಗಿನ್ನತೆ ಅನ್ನಲಿಲ್ಲ, "ಮಂಡೆಬೆಚ್ಚ ಉಂಟಾ ಅಮ್ಮ?" (ಚಿಂತೆ ಇದೆಯಾ) ಅಂತ ಸುಮ್ನೆ ಕೇಳಿದರು. ಅಮ್ಮ ಅರ್ಧ ಗಂಟೆ ಮಾತಾಡಿದರು! ಆಮೇಲೆ ಖಿನ್ನತೆ ಇದೆಯಾ ನೋಡಲು ಹೌದು-ಇಲ್ಲ ಅನ್ನುವ 15 ಪ್ರಶ್ನೆ. ವಯಸ್ಸಾದವರಿಗೆಂದೇ ಮಾಡಿದ್ದು, ಅದರಲ್ಲಿ ಮೈನೋವು, ಹಸಿವಿನ ಪ್ರಶ್ನೆ ಇಲ್ಲ, ಯಾಕೆಂದರೆ ಕಾಯಿಲೆ ಇರುವವರಿಗೆ ಅದು ಹೇಗೂ ಇರುತ್ತದೆ. ಥೈರಾಯ್ಡ್, ಬಿ12, ಸೋಡಿಯಂ ಕೂಡ ನೋಡಿಸಿದರು. ಮೆಟ್‌ಫಾರ್ಮಿನ್ ತುಂಬಾ ವರ್ಷ ತಿಂದರೆ ಬಿ12 ಇಳಿಯಬಹುದು, ಅದರಿಂದಲೂ ಮನಸ್ಸು ಕುಗ್ಗುತ್ತದೆ. ಅಮ್ಮನಿಗೆ ಕಡಿಮೆಯೇ ಇತ್ತು. ಜೊತೆಗೆ ಖಿನ್ನತೆಗೆ ಸಣ್ಣ ಡೋಸಿನ ಮಾತ್ರೆಯೂ ಬೇಕಾಯಿತು. ಅದು ಹಿಡಿಯಲು ಕೆಲವು ವಾರ ಬೇಕು, ನಡುವೆ ನಿಲ್ಲಿಸಬೇಡಿ. ಅಪ್ಪ ಮೂತ್ರ ಹೆಚ್ಚಿಸುವ ಮಾತ್ರೆ ತಗೊಳ್ಳುತ್ತಿದ್ದರೆ ಡಾಕ್ಟರಿಗೆ ಹೇಳಿ, ವಯಸ್ಸಾದವರಲ್ಲಿ ಅದೂ ಖಿನ್ನತೆಯ ಮಾತ್ರೆಯೂ ಸೇರಿ ಸೋಡಿಯಂ ಇಳಿಸಬಹುದು.

ಎಲ್ಲಕ್ಕೂ ಸೈಕಿಯಾಟ್ರಿಸ್ಟೇ ಬೇಕು ಅಂತಲೂ ಇಲ್ಲ. ಗೋವಾದಲ್ಲಿ ಖಿನ್ನತೆಯ ಅಂಚಿನಲ್ಲಿದ್ದ, 60 ದಾಟಿದ 181 ಜನರ ಮೇಲೆ ಒಂದು ಅಧ್ಯಯನ ನಡೆಯಿತು, 2019ರಲ್ಲಿ ಪ್ರಕಟವಾಯಿತು. ಅರ್ಧ ಜನರಿಗೆ ತರಬೇತಿ ಪಡೆದ ಸಾಮಾನ್ಯ ಜನರೇ ನಿದ್ರೆ, ದಿನದ ತಾಪತ್ರಯ, ಶುಗರ್-ಬಿಪಿ ಔಷಧಿ, ಇದನ್ನೆಲ್ಲ ಸರಿಮಾಡಿಕೊಳ್ಳಲು ನೆರವಾದರು. ವರ್ಷದೊಳಗೆ ಅವರಲ್ಲಿ ನೂರಕ್ಕೆ ಸುಮಾರು 4 ಮಂದಿಗೆ ಖಿನ್ನತೆ ಬಂತು, ಉಳಿದವರಲ್ಲಿ 14. ನಮ್ಮಲ್ಲೂ ಬಿಪಿ ವಿಚಾರಿಸಲು ಬರುವ ಆಶಾ ಕಾರ್ಯಕರ್ತೆಗೆ ಇದನ್ನು ಕಲಿಸಿಕೊಡಬಹುದು. ಅವರಿಗೆ ಈಗಿನ ಕೆಲಸಕ್ಕೇ ಸರಿಯಾದ ಸಂಬಳ ಇಲ್ಲ, ಅದು ಬೇರೆ ಕಥೆ.

ಅಮ್ಮ ಪೂರ್ತಿ ಮೊದಲಿನಂತಾಗಿಲ್ಲ. ಆದರೆ ಈಗ ಮೀನು ತಾಜಾ ಇಲ್ಲ ಅಂತ ಬೈಯುತ್ತಾರೆ, ನಮಗೆ ಅಷ್ಟು ಸಾಕು.

ಅಪ್ಪ "ಬದುಕಿದ್ದು ಸಾಕು" ಅಂತ ಏನಾದರೂ ಅಂದರೆ ಮಾತ್ರ ಮುಂದಿನ ಚೆಕಪ್‌ವರೆಗೆ ಕಾಯಬೇಡಿ. ಮಾತ್ರೆ, ಇನ್ಸುಲಿನ್ ನಿಮ್ಮ ಕೈಯಲ್ಲಿರಲಿ, ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಮನಸ್ಸಿನ ತೊಂದರೆಗೆಂದೇ ಇರುವ ಸರ್ಕಾರಿ ಸಹಾಯವಾಣಿ ಟೆಲಿ ಮಾನಸ್ 14416 ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ. ಅಪ್ಪ ಒಪ್ಪದಿದ್ದರೆ ನೀವೇ ಫೋನ್ ಮಾಡಿ ಕೇಳಬಹುದು.